ಎರಡು ಗುಡ್ಡೆ ಖಾಯಂ

ಅಮೆರಿಕದ ಎಲೆಕ್ಷನ್ ಬಂತೆಂದರೆ ನಮ್ಮ ಟೀವಿಯವರು ಮ್ಯಾಪಿಗೆ ಕೆಂಪು, ನೀಲಿ ಬಳಿಯುತ್ತಾ ಕೂರುತ್ತಾರೆ. 538ರಲ್ಲಿ 270 ಬಂದರೆ ಗೆದ್ದ ಹಾಗೆ ಅಂತಾರೆ. ಆ 538 ಯಾರಿಗೆ ಎಷ್ಟೆಷ್ಟು, ಯಾಕೆ ಅನ್ನೋದನ್ನ ಹೇಳುವವರು ಕಡಿಮೆ.

ನಮ್ಮ ಕಡೆ ಹಬ್ಬಕ್ಕೆ ಗುಡ್ಡೆ ಬಾಡು ಹಾಕೋದನ್ನ ನೋಡಿದವರಿಗೆ ಇದು ಸಲೀಸು. ಮನೆ ದೊಡ್ಡದಿರಲಿ, ಚಿಕ್ಕದಿರಲಿ, ಎರಡು ಗುಡ್ಡೆ ಖಾಯಂ, ಮಿಕ್ಕಿದ್ದು ತಲೆ ಲೆಕ್ಕ ಅಂದುಕೊಳ್ಳಿ. ಪ್ರತಿ ರಾಜ್ಯಕ್ಕೂ ಸೆನೆಟ್ ಲೆಕ್ಕದಲ್ಲಿ ಎರಡು ಮತ. ಕೆಳಮನೆಯ 435 ಸ್ಥಾನಗಳಲ್ಲಿ ಜನಸಂಖ್ಯೆ ಪ್ರಕಾರ ಬಂದಷ್ಟು ಮತ. ರಾಜಧಾನಿ ವಾಷಿಂಗ್ಟನ್‌ಗೆ ಮೂರು. 2020ರ ಜನಗಣತಿಯಲ್ಲಿ ಇನ್ನು 89 ಜನ ಹೆಚ್ಚಿಗೆ ಸಿಕ್ಕಿದ್ದರೆ ನ್ಯೂಯಾರ್ಕ್ ಒಂದು ಸ್ಥಾನ ಉಳಿಸಿಕೊಳ್ಳುತ್ತಿತ್ತು. ಜಾತ್ರೆ ದಿನ ನಮ್ಮೂರ ಬಸ್ಸಲ್ಲೇ ಅಷ್ಟು ಜನ ಇರ್ತಾರೆ! ತಮಾಷೆ ಅಂದ್ರೆ ಈ ಎಣಿಕೆಗೆ ನಾಗರಿಕರಲ್ಲದವರೂ ಸೇರುತ್ತಾರೆ. ಎಚ್‌1ಬಿ ವೀಸಾದಲ್ಲಿ ಸ್ಯಾನ್ ಹೊಸೆಯಲ್ಲಿರುವ ನಮ್ಮ ಹುಡುಗರು ಕ್ಯಾಲಿಫೋರ್ನಿಯಾದ ಪಾಲಿಗೆ ತಲೆ ಕೊಟ್ಟಿದ್ದಾರೆ, ಓಟು ಮಾತ್ರ ಇಲ್ಲ.

ಆ ಎರಡು ಗುಡ್ಡೆಯಿಂದಲೇ ಎಲ್ಲ ಹಾಳಾಯ್ತು ಅನ್ನೋದು ಮಾಮೂಲಿ ದೂರು. ದೂರಿನಲ್ಲಿ ಹುರುಳಿದೆ. ವಯೋಮಿಂಗಿನಲ್ಲಿ ಸುಮಾರು 1.9 ಲಕ್ಷ ಜನಕ್ಕೊಂದು ಮತ, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷಕ್ಕೊಂದು. ಆದರೆ ಲೆಕ್ಕ ಹಾಕಿ ನೋಡೋಣ. 2000ದಲ್ಲಿ ಬುಷ್ 30 ರಾಜ್ಯ ಗೆದ್ದು 271 ಪಡೆದರು. ಗೋರ್ ಪಾಲಿಗೆ 20 ರಾಜ್ಯ ಮತ್ತು ರಾಜಧಾನಿ, 267. ಎಲ್ಲರಿಂದಲೂ ಎರಡೆರಡು ಕಳೆದರೆ ಬುಷ್ 211, ಗೋರ್ 225. ಫಲಿತಾಂಶವೇ ಉಲ್ಟಾ! 2016ರಲ್ಲಿ ಹಾಗೇ ಕಳೆದರೆ? 306–232 ಹೋಗಿ 246–190 ಆಗುತ್ತೆ. ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಓಟು ಮುಂದಿದ್ದ ಹಿಲರಿ ಆಗಲೂ ಸೋಲುತ್ತಾರೆ.

ಅಂದರೆ ದೊಡ್ಡ ಐಬು ಬೇರೆ ಕಡೆ ಇದೆ. ರಾಜ್ಯದಲ್ಲಿ ಒಂದು ಓಟು ಮುಂದಿದ್ದವನಿಗೂ ಅಲ್ಲಿನ ಅಷ್ಟೂ ಗುಡ್ಡೆ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರಂಪ್‌ಗೆ ಬಿದ್ದ 60 ಲಕ್ಷ ಓಟಿಗೆ ಸೊನ್ನೆ, ಟೆಕ್ಸಾಸ್‌ನಲ್ಲಿ ಬೈಡನ್‌ಗೆ ಬಿದ್ದ 52 ಲಕ್ಷಕ್ಕೂ ಸೊನ್ನೆ. ಇದು ಸಂವಿಧಾನದಲ್ಲಿ ಬರೆದದ್ದಲ್ಲ, ರಾಜ್ಯಗಳು ತಾವೇ ಮಾಡಿಕೊಂಡ ಕಾನೂನು. ಸಂವಿಧಾನ ಮುಟ್ಟದೆ ಬದಲಾಯಿಸಬಹುದು. ಮೇಯ್ನ್ ಮತ್ತು ನೆಬ್ರಾಸ್ಕಾ ಬದಲಾಯಿಸಿವೆ: ಎರಡು ಮತ ರಾಜ್ಯ ಗೆದ್ದವರಿಗೆ, ಉಳಿದವು ಒಂದೊಂದು ಕ್ಷೇತ್ರ ಗೆದ್ದವರಿಗೆ. ಮಿಕ್ಕವರು ಯಾಕೆ ಮಾಡಲ್ಲ? ರಾಜ್ಯ ಹಿಡಿದ ಪಕ್ಷ ತನ್ನ ಕೈಯಾರೆ ಎದುರಾಳಿಯ ಎಲೆಗೆ ಯಾಕೆ ಬಡಿಸುತ್ತೆ ಹೇಳಿ. 2024ರಲ್ಲಿ ನೆಬ್ರಾಸ್ಕಾದಲ್ಲೂ ಹಳೇ ಪದ್ಧತಿಗೆ ಮರಳಲು ಒತ್ತಡ ಬಂತು, ನಡೆಯಲಿಲ್ಲ. ಅಷ್ಟೆಲ್ಲ ಗಲಾಟೆ ಒಮಾಹಾ ಕಡೆಯ ಒಂದೇ ಒಂದು ಮತಕ್ಕೆ.