ಪ್ರಶ್ನೆ ಬರೆಯುವವರು ಯಾರು?

ಸರ್ಕಾರ ಜನರನ್ನು ಎಣಿಸಿದಾಗಲೆಲ್ಲ ನಮ್ಮ ಜಗಳ ಉತ್ತರದ ಸುತ್ತಲೇ ನಡೆಯುತ್ತದೆ. ಯಾವ ಸಮುದಾಯ ಎಷ್ಟು ಲಕ್ಷ, ಯಾರು ಹೆಚ್ಚಾದರು, ಯಾರು ಕಡಿಮೆಯಾದರು ಎಂದು ತಿಂಗಳುಗಟ್ಟಲೆ ವಾದಿಸುತ್ತೇವೆ. ಆದರೆ ಅಂಕಿಅಂಶಗಳ ಹಣೆಬರಹದ ಅರ್ಧ ಭಾಗವನ್ನು ಗಣತಿದಾರರು ಬಾಗಿಲು ತಟ್ಟುವ ಮೊದಲೇ ಬರೆದಾಗಿರುತ್ತದೆ. ಏನನ್ನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ಉತ್ತರಕ್ಕೆ ಯಾವ ಯಾವ ಕಲಂ ಇರಬೇಕು ಎಂಬುದು ತೀರ್ಮಾನವಾಗುವಾಗ ಜನಸಾಮಾನ್ಯರ ಮಾತಿಗೆ ಅಲ್ಲಿ ಜಾಗವಿದೆಯೇ? ಇದನ್ನು ಯಾರೂ ಕೇಳುವುದಿಲ್ಲ.

ಇದು ಬರಿಯ ತಾಂತ್ರಿಕ ವಿಷಯವಲ್ಲ. ಅಂಗವಿಕಲರ ಉದಾಹರಣೆಯನ್ನೇ ನೋಡೋಣ. 1981ನ್ನು ವಿಶ್ವಸಂಸ್ಥೆ ಅಂಗವಿಕಲರ ವರ್ಷವೆಂದು ಸಾರಿತ್ತು. ಆ ವರ್ಷದ ಜನಗಣತಿಯಲ್ಲಿ ಪೂರ್ಣ ಕುರುಡರು, ಮೂಗರು, ಕೈಕಾಲು ಊನವಾದವರು ಎಂಬ ಮೂರೇ ಬಗೆಯವರನ್ನು ಲೆಕ್ಕ ಹಾಕಲಾಯಿತು. ಸಿಕ್ಕಿದ ಸಂಖ್ಯೆ ಸುಮಾರು 11 ಲಕ್ಷ. 1991ರಲ್ಲಿ ಆ ಪ್ರಶ್ನೆಯನ್ನೇ ಕೈಬಿಡಲಾಯಿತು. 2001ರ ಗಣತಿಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಗಾಲಿಕುರ್ಚಿಯಲ್ಲೇ ಕುಳಿತು ದೇಶದ ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡಿದ ಜಾವೇದ್ ಆಬಿದಿ ಮತ್ತು ಅವರ ಸಂಗಾತಿಗಳು ಪಟ್ಟು ಹಿಡಿದ ಮೇಲೆ ಕೊನೆಯ ಘಳಿಗೆಯಲ್ಲಿ ಪ್ರಶ್ನೆ ಸೇರಿತು. ಆಗ ಐದು ಬಗೆಯ ವೈಕಲ್ಯಗಳನ್ನು ಕೇಳಲಾಯಿತು. ಸಂಖ್ಯೆ 2.19 ಕೋಟಿಗೆ ಏರಿತು. 2011ರಲ್ಲಿ ಬಗೆಗಳು ಎಂಟಾದವು, ಸಂಖ್ಯೆ 2.68 ಕೋಟಿಯಾಯಿತು.

ಇಪ್ಪತ್ತು ವರ್ಷಗಳಲ್ಲಿ ದೇಶದ ಅಂಗವಿಕಲರು ಇಪ್ಪತ್ತು ಪಟ್ಟು ಹೆಚ್ಚಾದರೇ? ಖಂಡಿತ ಇಲ್ಲ. ಅವರು ಮೊದಲೂ ಇದ್ದರು. ಅವರನ್ನು ಕಾಣುವಂತಹ ಪ್ರಶ್ನೆ ಇರಲಿಲ್ಲ, ಅಷ್ಟೆ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಗಣತಿಯ ನಮೂನೆ ಆ ಕಾಯ್ದೆಗೆ ಸರಿಹೊಂದಬೇಕಾದರೆ ಅಂಗವಿಕಲರು ಮತ್ತೊಮ್ಮೆ ಬೀದಿಗಿಳಿಯಬೇಕೇ?

ನಮ್ಮ 1948ರ ಜನಗಣತಿ ಕಾಯ್ದೆ ನಾಗರಿಕರ ಕರ್ತವ್ಯಗಳ ಬಗ್ಗೆ ಬಹಳ ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರಶ್ನೆಗಳಿಗೆ ಉತ್ತರ ಹೇಳಲೇಬೇಕು, ನಿರಾಕರಿಸಿದರೆ ಶಿಕ್ಷೆಯಿದೆ. ಕೊಟ್ಟ ಮಾಹಿತಿ ಗೋಪ್ಯವಾಗಿರುತ್ತದೆ ಎಂಬ ಭರವಸೆಯೂ ಇದೆ. ಆದರೆ ಪ್ರಶ್ನೆಗಳ ಕರಡನ್ನು ಮೊದಲು ಜನರ ಮುಂದಿಡಬೇಕು ಎಂಬ ಮಾತು ಅದರಲ್ಲಿಲ್ಲ. ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂದು 2014ರಲ್ಲಿ ಕೇಂದ್ರ ಸರ್ಕಾರವೇ ತನ್ನ ಇಲಾಖೆಗಳಿಗೆ ಸೂಚಿಸಿತ್ತು. ಗಣತಿಯ ಪ್ರಶ್ನೆಗಳಿಗೆ ಆ ಭಾಗ್ಯವೂ ಇಲ್ಲ. ಮನೆಪಟ್ಟಿ ಗಣತಿಗಾಗಿ 2020ರ ಜನವರಿಯಲ್ಲಿ 31 ಪ್ರಶ್ನೆಗಳು, 2026ರ ಜನವರಿಯಲ್ಲಿ 33 ಪ್ರಶ್ನೆಗಳು ಗೆಜೆಟ್‌ನಲ್ಲಿ ಬಂದವು. ಎರಡು ಸಲವೂ ಬಂದದ್ದು ಕರಡಲ್ಲ, ಅಂತಿಮ ಪಟ್ಟಿ. ಅಂಕಿಅಂಶ ಬಳಸುವ ಇಲಾಖೆಗಳು ಮತ್ತು ವಿದ್ವಾಂಸರ ಜೊತೆ ಗಣತಿ ಕಚೇರಿ ಸಭೆ ನಡೆಸುವುದುಂಟು. ಅದು ಒಳ್ಳೆಯದೇ. ಆದರೆ ಅಂಕಿಯನ್ನು ಬಳಸುವವರು ಬೇರೆ, ಅಂಕಿಯಾಗುವವರು ಬೇರೆ.

ಬೇರೆ ದಾರಿ ಇದೆಯೇ ಎಂದು ಕೇಳುವವರು ಅಮೆರಿಕದ ಒಂದು ಪದ್ಧತಿಯನ್ನು ಗಮನಿಸಬಹುದು. 1995ರ ಕಾನೂನಿನ ಪ್ರಕಾರ ಅಲ್ಲಿನ ಕೇಂದ್ರ ಇಲಾಖೆಗಳು ಜನರಿಂದ ಮಾಹಿತಿ ಸಂಗ್ರಹಿಸುವ ನಮೂನೆಯನ್ನು ಬದಲಿಸುವ ಮೊದಲು 60 ದಿನ, ಬಳಿಕ ಮತ್ತೆ 30 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಅವಕಾಶ ಕೊಡಬೇಕು. 2023ರಲ್ಲಿ ಅಲ್ಲಿನ ಗಣತಿ ಕಚೇರಿ ತನ್ನ ವಾರ್ಷಿಕ ಸಮೀಕ್ಷೆಯಲ್ಲಿ ಅಂಗವೈಕಲ್ಯದ ಪ್ರಶ್ನೆಗಳನ್ನು ಬದಲಿಸಲು ಹೊರಟಿತು. ಹೊಸ ಲೆಕ್ಕದಲ್ಲಿ ಅಂಗವಿಕಲರ ಪ್ರಮಾಣ ಶೇ. 13.9ರಿಂದ ಶೇ. 8.1ಕ್ಕೆ ಇಳಿಯುತ್ತಿತ್ತು. 12 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 2024ರ ಫೆಬ್ರವರಿಯಲ್ಲಿ ಕಚೇರಿ ಆ ಬದಲಾವಣೆಯನ್ನು ಕೈಬಿಟ್ಟಿತು. ಅದೇ ದೇಶದಲ್ಲಿ ಅರಬರನ್ನೂ ಇರಾನಿಯನ್ನರನ್ನೂ ದಶಕಗಳ ಕಾಲ 'ಬಿಳಿಯರು' ಎಂದೇ ಬರೆದುಕೊಳ್ಳಲಾಗುತ್ತಿತ್ತು. 20 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಪಡೆದ ಮೇಲೆ, 2024ರ ಮಾರ್ಚ್‌ನಲ್ಲಿ ಅವರಿಗೆ ಪ್ರತ್ಯೇಕ ವರ್ಗ ದೊರೆಯಿತು.

ಹಾಗೆಂದು ಅಮೆರಿಕ ಸ್ವರ್ಗವಲ್ಲ. 2020ರ ಗಣತಿಯಲ್ಲಿ ಪೌರತ್ವದ ಪ್ರಶ್ನೆ ಸೇರಿಸಲು ಹೊರಟಾಗ ಬಂದ ಭಾರೀ ವಿರೋಧಕ್ಕೆ ಅಲ್ಲಿನ ಸರ್ಕಾರ ಕಿವಿಗೊಡಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ತಡೆಯಬೇಕಾಯಿತು. ಅಭಿಪ್ರಾಯ ಕೇಳಿದ ಮಾತ್ರಕ್ಕೆ ನ್ಯಾಯ ಸಿಕ್ಕಿಬಿಡುವುದಿಲ್ಲ. ಆದರೆ ಕೇಳಲೇಬೇಕೆಂಬ ಕಾನೂನಿದ್ದರೆ, ಜನ ಹೇಳಿದ್ದಕ್ಕೆ ದಾಖಲೆಯಾದರೂ ಉಳಿಯುತ್ತದೆ.

ಈಗ ನಮ್ಮ ಮನೆಯ ಕಥೆಗೆ ಬರೋಣ. ಕರ್ನಾಟಕದಲ್ಲಿ 2015ರಲ್ಲಿ 55 ಪ್ರಶ್ನೆಗಳೊಂದಿಗೆ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರವರಿಯಲ್ಲಿ. ಮರುವರ್ಷ ಮತ್ತೆ ಹೊಸ ಸಮೀಕ್ಷೆ ಎಂದಾಯಿತು. 2025ರ ಸೆಪ್ಟೆಂಬರ್ 22ರಂದು 60 ಪ್ರಶ್ನೆಗಳ ಪಟ್ಟಿಯೊಂದಿಗೆ ಶಿಕ್ಷಕರು ಮನೆಮನೆಗೆ ಹೊರಟರು. ಅಷ್ಟರಲ್ಲಾಗಲೇ ಜಾತಿಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿಗೆ 'ಕ್ರೈಸ್ತ' ಎಂದು ಸೇರಿಸಿದ್ದ ನಮೂದುಗಳ ಬಗ್ಗೆ ದೊಡ್ಡ ಗದ್ದಲ ಎದ್ದಿತ್ತು. ಕೊನೆಗೆ ಅವುಗಳಲ್ಲಿ ಹಲವನ್ನು ಆಯೋಗ ಪಟ್ಟಿಯಿಂದ ಮರೆಮಾಡಿತು. ಸಮೀಕ್ಷೆ ಆರಂಭವಾದ ನಾಲ್ಕನೆಯ ದಿನ, ಸೆಪ್ಟೆಂಬರ್ 25ರಂದು, ಹೈಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಆದರೆ ಮಾಹಿತಿ ಕೊಡುವುದು ಕಡ್ಡಾಯವಲ್ಲ, ಅದನ್ನು ಗೋಪ್ಯವಾಗಿಡಬೇಕು ಎಂದು ಹೇಳಿತು.

ಆ ನಮೂದುಗಳು ಇರಬೇಕಿತ್ತೋ ಬೇಡವೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಮತಾಂತರಗೊಂಡ ದಲಿತ, ಹಿಂದುಳಿದ ಕುಟುಂಬಗಳು ತಮ್ಮನ್ನು ಹೇಗೆ ಗುರುತಿಸಿಕೊಳ್ಳುತ್ತವೆ ಎಂದು ಆ ಕುಟುಂಬಗಳನ್ನೇ ಸಾವಧಾನವಾಗಿ ಕೇಳಬಹುದಿತ್ತು. ಅದರ ಬದಲು ಯಾರ ದನಿ ಜೋರೋ ಅವರ ಮಾತು ಕೊನೆಯ ದಿನಗಳಲ್ಲಿ ನಡೆಯಿತು. ಭಾಗವಹಿಸುವುದು ಐಚ್ಛಿಕವೋ ಕಡ್ಡಾಯವೋ ಎಂಬ ಮೂಲಭೂತ ಸಂಗತಿಯೂ ಶಿಕ್ಷಕರು ಬಾಗಿಲಿಗೆ ಬಂದ ಮೇಲೆ ತಿಳಿಯಿತು.

ತಪ್ಪು ಆಯೋಗದ್ದು ಮಾತ್ರವೇ? ನಾವೂ ಒಳನೋಡಿಕೊಳ್ಳಬೇಕು. ನಮೂನೆ ಸಿದ್ಧವಾದ ಮೇಲೆ ಮಠಗಳು, ಸಂಘಗಳು, ಜಮಾಅತ್‌ಗಳು ಎಚ್ಚೆತ್ತು, ಯಾವ ಕಲಮಿನಲ್ಲಿ ಏನು ಬರೆಸಬೇಕೆಂದು ಕರೆಕೊಟ್ಟವು. ಮುಸ್ಲಿಮರಲ್ಲೂ ಉಪಜಾತಿ ಬರೆಸಬೇಕೇ ಬೇಡವೇ ಎಂಬ ಗೊಂದಲವಿತ್ತು. ಹತ್ತಿ ಹಿಂಜಿ ಬದುಕುತ್ತಿದ್ದ ಪಿಂಜಾರ, ನದಾಫ್ ಕುಟುಂಬಗಳು ರಾಜ್ಯದ ಪ್ರವರ್ಗ 1ರಲ್ಲಿವೆ. ಅವರ ಮನೆಯವರು ಬರಿಯ 'ಮುಸ್ಲಿಂ' ಎಂದಷ್ಟೇ ಬರೆಸಿದರೆ ಅವರ ಬಡತನ ದೊಡ್ಡ ಸಂಖ್ಯೆಯೊಳಗೆ ಕರಗಿಹೋಗುತ್ತದೆ. ಹೆಸರು ಬರೆಸಿದರೆ ಸಮುದಾಯ ಒಡೆಯುತ್ತದೆ ಎಂದು ಹೆದರಿಸುವವರೂ ನಮ್ಮ ನಡುವೆಯೇ ಇದ್ದಾರೆ. ಈ ಚರ್ಚೆ ನಮೂನೆಯ ಕರಡಿನ ಹಂತದಲ್ಲಿ, ಪಿಂಜಾರರ ಎದುರಿನಲ್ಲೇ ನಡೆಯಬೇಕಿತ್ತು.

ಕೇಳಬೇಕಾದದ್ದು ದೊಡ್ಡದೇನಲ್ಲ. ಯಾವುದೇ ಗಣತಿ, ಸಮೀಕ್ಷೆಯ ಕರಡು ಪ್ರಶ್ನೆಗಳು ಕನ್ನಡದಲ್ಲಿ, ರಾಜ್ಯದ ಇತರ ಭಾಷೆಗಳಲ್ಲಿ ಎರಡು ತಿಂಗಳು ಮೊದಲೇ ಪ್ರಕಟವಾಗಲಿ. ಗ್ರಾಮಸಭೆಗಳಲ್ಲಿ ಅವನ್ನು ಓದಿ ಹೇಳಲಿ. ಓದಲು ಬಾರದವರು, ಕಣ್ಣು ಕಾಣದವರು ಬಾಯಿಮಾತಿನಲ್ಲೇ ಅಭಿಪ್ರಾಯ ಹೇಳುವಂತಿರಲಿ. ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ಸರ್ಕಾರ ಬರೆದು ತಿಳಿಸಲಿ.

ಉತ್ತರ ಕೊಡುವುದು ನಮ್ಮ ಕರ್ತವ್ಯ ಎನ್ನುವ ಸರ್ಕಾರಕ್ಕೆ, ಪ್ರಶ್ನೆಯ ಬಗ್ಗೆ ನಮ್ಮ ಮಾತು ಕೇಳುವುದೂ ಕರ್ತವ್ಯವೇ. ನಾವು ಮಾತ್ರ ಆ ಮಾತನ್ನು ಗಣತಿದಾರರು ಬಾಗಿಲಿಗೆ ಬರುವ ಮೊದಲೇ ಆಡಬೇಕು.