ಬಸುರಿಯ ಟೊಂಕ ನೋವು: ಯಾರೂ ಕೇಳದ ಪ್ರಶ್ನೆ

ಬಾಗಲಕೋಟೆ ಜಿಲ್ಲೆಯ ರಾಮಥಾಳದ ಹೆಸರು ಜಿಲ್ಲೆಯಾಚೆ ಹೋದದ್ದು ಹನಿ ನೀರಾವರಿಯಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ ಸುಮಾರು 24,000 ಹೆಕ್ಟೇರಿಗೆ ಹನಿಸಲೆಂದು ರೂಪಿಸಿದ ಆ ಯೋಜನೆಯ ಗೆಲುವು-ಸೋಲುಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನೀರು ಬಂದ ಹೊಲಕ್ಕೆ ಕಸವೂ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಸರಿಯುತ್ತ ಆ ಕಸ ತೆಗೆಯುವವರು ಹೆಂಗಸರು. ಅವರಲ್ಲಿ ಆರು-ಏಳು ತಿಂಗಳ ಬಸುರಿಯರೂ ಇರುತ್ತಾರೆ.

"ಟೊಂಕ ಹಿಡದೈತಿ, ತೊಡಿಸಂದ್ಯಾಗ ಸೀಳಿದಂಗ ಆಗತೈತಿ" ಎಂದು ಅವರಲ್ಲೊಬ್ಬಳು ಬಾಯಿ ಬಿಟ್ಟರೆ ಮನೆಯಲ್ಲಿ ಅತ್ತೆಯಿಂದ ಸಿಗುವ ಉತ್ತರ ಗೊತ್ತಿರುವಂಥದೇ: "ಬಸರಾದಮ್ಯಾಲ ಇದೆಲ್ಲಾ ಇದ್ದದ್ದ. ದುಡದ್ರ ಹೆರಿಗಿ ಹಗುರ ಆಗತೈತಿ."

ಈ ಉಪದೇಶವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಅರ್ಧ ಸತ್ಯವಿದೆ. ಐವರು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಈ ನೋವು ಬರುತ್ತದೆ. ಅದರಿಂದ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯವಿಲ್ಲ. ಹಾಸಿಗೆ ಹಿಡಿಯುವುದಕ್ಕಿಂತ ಮೈ ಆಡಿಸುತ್ತಿರುವುದೇ ಮೇಲು. ದುಡಿದಷ್ಟೂ ಹಗುರ ಎಂಬ ಇನ್ನರ್ಧಕ್ಕೆ ಮಾತ್ರ ಆಧಾರವಿಲ್ಲ. ವಸ್ತಿಯ, ಅಂದರೆ ಟೊಂಕದ ಕೆಳಗಿನ ಎಲುಬಿನ ಚೌಕಟ್ಟಿನ, ನೋವಿನ ಬಗ್ಗೆ 2008ರಲ್ಲಿ ಪ್ರಕಟವಾದ ಯುರೋಪಿಯನ್ ಮಾರ್ಗಸೂಚಿ, ಈ ನೋವಿಗೆ ದಾರಿ ಮಾಡಬಹುದಾದ ಸಂಗತಿಗಳ ನಡುವೆ ಮೈಮುರಿಯುವ ದುಡಿಮೆಯನ್ನೂ ಚರ್ಚಿಸಿದೆ, ಅದರ ಪುರಾವೆ ಇನ್ನೂ ಗಟ್ಟಿಯಾಗಿಲ್ಲದಿದ್ದರೂ. ಅತ್ತೆಯ ಮಾತು ಔಷಧಿ ಎನ್ನುವುದನ್ನೇ ಮಾರ್ಗಸೂಚಿ ಕಾರಣವಿರಬಹುದೇ ಎಂದು ಕೇಳುತ್ತದೆ. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವ ರೂಢಿ ವೈದ್ಯರಲ್ಲೂ ಉಂಟು. ರಿಲ್ಯಾಕ್ಸಿನ್ ಎಂಬ ಹಾರ್ಮೋನಿನ ಪ್ರಮಾಣಕ್ಕೂ ನೋವಿಗೂ ನೇರ ನಂಟಿದೆ ಎಂಬುದು ಮಾತ್ರ ಇನ್ನೂ ಖಚಿತವಾಗಿಲ್ಲ.

ವಸ್ತಿಯಲ್ಲಿ ಹಿಂದೆ ಎರಡು ಕೀಲು, ಮುಂದೆ ತೊಡೆಸಂದಿನ ನಡುವೆ ಒಂದು. ಭಾರ ಒಂದೇ ಕಾಲಿನ ಮೇಲೆ ಬಿದ್ದಾಗ, ತೊಡೆಗಳು ಅಗಲವಾದಾಗ ಇವು ಸಿಡಿಯುತ್ತವೆ. ಈಗ ನಮ್ಮ ಕಡೆಯ ಹೆಂಗಸಿನ ಒಂದು ದಿನ ನೋಡಿ. ಒಂದು ಮೊಣಕಾಲೆತ್ತಿ, ಇನ್ನೊಂದು ಕಾಲು ಮಡಚಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ. ಕೊಡವನ್ನು ಒಂದೇ ಬದಿಯ ಟೊಂಕಕ್ಕೇರಿಸುತ್ತಾಳೆ. ಇಳಕಲ್ಲಿನವಳಾದರೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಒಂದಾದ ಮೇಲೊಂದು ಹಲಗೆ ತುಳಿಯುತ್ತಾಳೆ. ಕುಬಸ ಮುಗಿಸಿ ತವರಿಗೆ ಹೊರಟರೆ ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ನೋವು ಕೆರಳಿಸಲೆಂದೇ ಯಾರೋ ದಿನಚರಿ ಬರೆದಿಟ್ಟಂತಿದೆ.

ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದ ಲಜ್ಜಾಗೌರಿ ಇದ್ದಾಳೆ. ಚಾಲುಕ್ಯರ ಕಾಲದ ಅದ್ಭುತ ಶಿಲ್ಪ. ತೊಡೆಗಳನ್ನು ಅಗಲಿಸಿ ಹೆರುವ ಭಂಗಿ, ತಲೆಯಿರಬೇಕಾದಲ್ಲಿ ಕಮಲ. ಫಲವಂತಿಕೆಯನ್ನು ಪೂಜಿಸುವ ನಮ್ಮ ಪರಂಪರೆ ಹೆತ್ತವಳ ಮುಖದ ನೋವನ್ನು ನೋಡುವ ಗೋಜಿಗೆ ಹೋಗಿಲ್ಲ ಎಂದು ಅದರ ಮುಂದೆ ನಿಂತಾಗ ನನಗನ್ನಿಸುತ್ತದೆ. ಈ ನೋವಿರುವ ಹೆಂಗಸಿಗೆ ಆಗದಿರುವುದೂ ಆ ಭಂಗಿಯೇ. ಹೆರಿಗೆ ಕೋಣೆಯಲ್ಲಿ ಕಾಲುಗಳನ್ನು ಎಷ್ಟು ಅಗಲಿಸಿದರೆ ನೋಯುತ್ತದೆಂದು ಮೊದಲೇ ನರ್ಸಿಗೆ ಹೇಳಬೇಕು; ಮಗ್ಗುಲಾಗಿ ಮಲಗಿ ಅಥವಾ ಅಂಬೆಗಾಲಿನ ಭಂಗಿಯಲ್ಲಿ ಹೆರುವುದು ಹಲವರಿಗೆ ಹಗುರ.

ಸರ್ಕಾರದ ವ್ಯವಸ್ಥೆಯ ಬಗ್ಗೆ ನನ್ನ ಮೆಚ್ಚುಗೆ ದೊಡ್ಡದು, ತಕರಾರು ಸಣ್ಣದು. ತಾಯಿ ಕಾರ್ಡು, 2016ರಿಂದ ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆ, ಕಬ್ಬಿಣಾಂಶದ ಗುಳಗಿ ಇವೆಲ್ಲ ಜೀವ ಉಳಿಸುವಂಥವು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲ ಬರೆಯುತ್ತಾರೆ. ಟೊಂಕ ನೋವಿಗೆಂದು ಒಂದು ಕಲಮು ಇಲ್ಲ. ಕೇಳದಿದ್ದರೆ ಹೆಂಗಸರು ಹೇಳುವುದೂ ಇಲ್ಲ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಇನ್ನೊಂದು ಉದಾಹರಣೆ. ಮನೆಗೊಯ್ದರೆ ಊಟ ಹಂಚಿಹೋಗುತ್ತದೆ, ಆದ್ದರಿಂದ ಅಂಗನವಾಡಿಯಲ್ಲೇ ಉಣ್ಣಲಿ ಎಂಬ ಯೋಚನೆ ಜಾಣತನದ್ದು. ಆದರೆ ಹೆಜ್ಜೆ ಎತ್ತಿದರೆ ಸೀಳುವ ನೋವಿನವಳು ದಿನಾ ನಡೆದು ಹೋಗಿ ನೆಲಕ್ಕೆ ಕೂತು ಏಳಬೇಕಾಗುತ್ತದೆ ಎಂಬುದು ಆ ಯೋಚನೆಯಲ್ಲಿ ಬಂದಿಲ್ಲ. ಒಂದೆರಡು ಕುರ್ಚಿ ಹಾಕಿದರೆ ಮುಗಿಯುವ ಕೆಲಸ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಮಗ್ಗುಲಾಗಿ ಮಲಗಿ ಎರಡು ಮೊಣಕಾಲಿನ ನಡುವೆ ಕೌದಿ ಮಡಚಿ ಇಟ್ಟುಕೊಳ್ಳುವುದು, ಹೊರಳುವಾಗ ಮೊಣಕಾಲುಗಳನ್ನು ಕೂಡಿಸಿಯೇ ಹೊರಳುವುದು, ಲಂಗವನ್ನು ಕೂತು ಹಾಕಿಕೊಳ್ಳುವುದು, ಸಣ್ಣ ಹೆಜ್ಜೆ ಇಡುವುದು, ಮೆಟ್ಟಿಲಲ್ಲಿ ಒಂದೊಂದಕ್ಕೂ ಎರಡೂ ಕಾಲು ಕೂಡಿಸುವುದು. ನೀರು ಬೇಕಾದರೆ ಕೊಡ ಬಿಟ್ಟು ಎರಡು ಕೈಗೆ ಎರಡು ಸಣ್ಣ ಪಾತ್ರೆ. ಅದೂ ಬೇರೆಯವರು ತಂದರೆ ಇನ್ನೂ ಒಳ್ಳೆಯದು. ವಸ್ತಿಗೆ ಕಟ್ಟುವ ಬೆಲ್ಟು ಕೆಲವರಿಗೆ ಆರಾಮ ಕೊಡುತ್ತದೆ, ಎಲ್ಲರಿಗೂ ಅಲ್ಲ. ಕಟ್ಟಬೇಕಾದದ್ದು ಹೊಟ್ಟೆಯ ಮೇಲಲ್ಲ, ಅದರ ಕೆಳಗೆ ಟೊಂಕದ ಎಲುಬಿನ ಸುತ್ತ. ಫಿಜಿಯೋಥೆರಪಿಸ್ಟ್ ಕಲಿಸಿಕೊಟ್ಟ ವ್ಯಾಯಾಮವೂ ಹಲವರಿಗೆ ಕೆಲಸ ಮಾಡುತ್ತದೆ. ಫಿಜಿಯೋಥೆರಪಿ ಎಂದರೆ ಲಕ್ವಾ ಹೊಡೆದವರಿಗೆ, ಕೈಕಾಲು ಮುರಿದವರಿಗೆ ಎಂಬ ತಿಳಿವಳಿಕೆ ಹೋಗಬೇಕಷ್ಟೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಗುಳಗಿ ನುಂಗುವ ಚಾಳಿಯ ಬಗ್ಗೆ ಮೆತ್ತಗೆ ಮಾತಾಡಲಾರೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ನಂಥವು ಗರ್ಭಿಣಿಗೆ, ಅದರಲ್ಲೂ 20 ವಾರದ ನಂತರ, ಸಲ್ಲ. ಪ್ಯಾರಸಿಟಮಾಲ್ ಕೂಡ ವೈದ್ಯರನ್ನು ಕೇಳಿಯೇ. ನೋವಿನ ಜೊತೆ ರಕ್ತ ಅಥವಾ ನೀರು ಹೋದರೆ, ಜ್ವರ ಅಥವಾ ಉರಿಮೂತ್ರ ಬಂದರೆ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ಕಾಲು ಜೋಮು ಹಿಡಿದರೆ ಅದು ಬರೀ ಟೊಂಕ ನೋವಲ್ಲ; ಕೂಡಲೇ ದವಾಖಾನೆಗೆ ಹೋಗಬೇಕು.

ಆಶಾ ಕಾರ್ಯಕರ್ತೆಯರಲ್ಲಿ, 9ನೇ ತಾರೀಖು ತಪಾಸಣೆಗೆ ಕೂರುವ ವೈದ್ಯರಲ್ಲಿ ನನ್ನದೊಂದು ಬಿನ್ನಹ. ತೂಕ ನೋಡುವಾಗಲೇ ಕೇಳಿ: "ಮಗ್ಗಲಾ ಹೊರಳಾಕ, ಮೆಟ್ಲಾ ಏರಾಕ ತ್ರಾಸ ಆಗತೈತೇನವ್ವಾ?" ಹೌದೆಂದರೆ ಕಾರ್ಡಿನಲ್ಲಿ ಬರೆಯಿರಿ, ಬರೆದದ್ದನ್ನು ಆಕೆಯ ಅತ್ತೆಗೂ ಗಂಡನಿಗೂ ಓದಿ ಹೇಳಿ.