ಆಕಾಶದ ಗೂಡ್ಸ್ ಗಾಡಿ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಎಕ್ಸ್‌ಪ್ರೆಸ್ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಗೂಡ್ಸ್ ಬಂದರೆ ಮಕ್ಕಳು ಮಾತ್ರ ಡಬ್ಬಿ ಎಣಿಸುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೋಡುವ ಚಟದವರಲ್ಲೂ ಇವೇ ಎರಡು ಜಾತಿ. ನನ್ನದು ಡಬ್ಬಿ ಎಣಿಸುವ ಜಾತಿ.

ನಿಲ್ದಾಣವನ್ನು ಗುರುತಿಸಲು ಕಷ್ಟವೇನಿಲ್ಲ. ಸಂಜೆ ಕತ್ತಲಾದ ಮೇಲೆ, ಇಲ್ಲವೇ ಬೆಳಕು ಹರಿಯುವ ಮುಂಚೆ, ರಾಬರ್ಟ್‌ಸನ್‌ಪೇಟೆಯ ಅಂಗಡಿ ದೀಪಗಳನ್ನು ಹಿಂದೆ ಬಿಟ್ಟು ನಮ್ಮ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಕಡೆ ಬನ್ನಿ. ನಮಗೆ ಕತ್ತಲು, ಸುಮಾರು 400 ಕಿ.ಮೀ. ಮೇಲಿರುವ ಅದಕ್ಕಿನ್ನೂ ಬಿಸಿಲು. ಮಿನುಗದೆ, ಸದ್ದಿಲ್ಲದೆ ಹಾದುಹೋಗುತ್ತದೆ; ಸಂಜೆ ಹೊತ್ತು ಎಷ್ಟೋ ಸಲ ಭೂಮಿಯ ನೆರಳು ಹೊಕ್ಕು ಆರಿಬಿಡುತ್ತದೆ. ನಿಜವಾದ ರುಚಿ ಬೇಕಿದ್ದರೆ ಸರಕು ನೌಕೆ ನಿಲ್ದಾಣವನ್ನು ಸೇರುವ ಅಥವಾ ಬಿಡುವ ದಿನ ಕಾಯಬೇಕು. ಅದೃಷ್ಟವಿದ್ದರೆ ಅದೇ ದಾರಿಯಲ್ಲಿ ಇನ್ನೊಂದು ಮಂಕು ಚುಕ್ಕಿ ಓಡುತ್ತಿರುತ್ತದೆ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ಒಳಗೆ ಯಾರೂ ಇಲ್ಲದ ಇಂಥ ಗಾಡಿಗಳ ಓಡಾಟ ಶುರುವಾದದ್ದು ಈ ನಿಲ್ದಾಣಕ್ಕೂ ಮುಂಚೆ, 1978ರ ಜನವರಿಯಲ್ಲಿ, ರಷ್ಯನ್ನರ ಪ್ರೋಗ್ರೆಸ್ 1ರಿಂದ. ನನಗೆ ಅಚ್ಚುಮೆಚ್ಚಿನದು 2020ರ ಅಕ್ಟೋಬರಿನಲ್ಲಿ ಹಾರಿದ ಸಿಗ್ನಸ್. ಅದಕ್ಕೆ ಇಟ್ಟಿದ್ದ ಹೆಸರು ಕಲ್ಪನಾ ಚಾವ್ಲಾ. ಹೊತ್ತದ್ದು ಸುಮಾರು ಮೂರೂವರೆ ಟನ್: ಅದರಲ್ಲಿ ಹೊಸ ಶೌಚಾಲಯವೂ ಇತ್ತು, ಮೂಲಂಗಿ ಬೆಳೆಯುವ ಪ್ರಯೋಗವೂ ಇತ್ತು. ನವೆಂಬರ್ 30ರಂದು ಗಗನಯಾತ್ರಿ ಕೇಟ್ ರೂಬಿನ್ಸ್ 20 ಮೂಲಂಗಿ ಗಿಡ ಕಿತ್ತರು. ಸಾಮಾನು ಇಳಿಸಿ, ಕಸ ತುಂಬಿಕೊಂಡು ನಿಲ್ದಾಣ ಬಿಟ್ಟ ಮೇಲೂ ಗಾಡಿಗೆ ಒಂದು ಕೆಲಸ ಬಾಕಿಯಿತ್ತು. ಜನರಿರುವ ಕಡೆ ಯಾರೂ ಮಾಡಲೊಲ್ಲದ ಕೆಲಸ: ತನ್ನೊಳಗೇ ಬೆಂಕಿ ಹಚ್ಚಿಕೊಂಡು, ತೂಕವಿಲ್ಲದ ಕಡೆ ಜ್ವಾಲೆ ಹೇಗೆ ಹರಡುತ್ತದೆಂದು ತೋರಿಸುವುದು. ಆಮೇಲೆ ವಾತಾವರಣಕ್ಕೆ ಬಿದ್ದು ಕಸದ ಸಮೇತ ಉರಿದುಹೋಯಿತು. ಈ ನಿಲ್ದಾಣಕ್ಕೆ ಹೋಗುವ ಸರಕು ನೌಕೆಗಳಲ್ಲಿ ಸಾಮಾನನ್ನು ಜೋಪಾನವಾಗಿ ಕೆಳಕ್ಕೆ ತರುವುದು ಡ್ರ್ಯಾಗನ್ ಒಂದೇ.

ಪ್ರಯೋಗವನ್ನು ಹೊತ್ತು ದೂರ ಹೋಗುವುದು ನಮ್ಮ ಊರಿಗೆ ಹೊಸದಲ್ಲ. ದಿಕ್ಕು ಮಾತ್ರ ಬೇರೆ. ವಿಜ್ಞಾನಿಗಳು ಇಲ್ಲಿ ಉಪಕರಣಗಳನ್ನು ಗಣಿಯ ಶಾಫ್ಟಿನಲ್ಲಿ ಇಳಿಸಿದರು. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನು ಬಂಡೆ ತಡೆಯಲಿ, ನ್ಯೂಟ್ರಿನೊ ಮಾತ್ರ ದಾಟಿ ಬರಲಿ ಎಂಬುದು ಲೆಕ್ಕ. 1965ರಲ್ಲಿ, ನೆಲದಿಂದ 2 ಕಿ.ಮೀ.ಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಗಣಿಯಲ್ಲಿ ಬೇಡದ ಕಣಗಳಿಂದ ತಪ್ಪಿಸಿಕೊಳ್ಳಬೇಕಿತ್ತು, ಮೇಲೆ ನಿಲ್ದಾಣದಲ್ಲಿ ತೂಕದಿಂದ. ಕಳೆದ ವರ್ಷ, 2025ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಶುಭಾಂಶು ಶುಕ್ಲಾ ಅವರ ಯಾನದಲ್ಲಿ ನಿಲ್ದಾಣಕ್ಕೆ ಹೋಗಿ ಮೊಳಕೆಯೊಡೆದದ್ದೂ ಇದೇ ಲೆಕ್ಕದಲ್ಲಿ. ಅವು ಹತ್ತಿದ್ದು ಎಕ್ಸ್‌ಪ್ರೆಸ್, ಅಷ್ಟೆ.

ನಿಲ್ದಾಣದಲ್ಲಿ ಜನ ನೆಲೆಸಿದ್ದು 2000ದ ನವೆಂಬರ್ 2ರಿಂದ. ಅದಾದ ನಾಲ್ಕನೇ ತಿಂಗಳು, 2001ರ ಫೆಬ್ರುವರಿ 28ಕ್ಕೆ, ನಮ್ಮ ಗಣಿಗೆ ಬೀಗ ಬಿತ್ತು. ಗಣಿಯ ಕಸ ಮಾತ್ರ ಇಲ್ಲೇ ಉಳಿದು ದಿಬ್ಬವಾಗಿದೆ. ಉರಿಸಲು ನಮಗೆ ಸಿಗ್ನಸ್ ಇರಲಿಲ್ಲ. ಎರಡು ಚುಕ್ಕಿ ಕಂಡ ದಿನ ಆ ದಿಬ್ಬದ ಬುಡದಲ್ಲಿ ನಿಂತು ಮಂಕಾದುದನ್ನೇ ಮೊದಲು ನೋಡಿ. ಹೊಳೆಯುವುದು ನಾಳೆಯೂ ಬರುತ್ತದೆ.